ಮೈಯಿಂದ ಮೂಡುವ ನಾಟಕ

ಗಿರೀಶ ಕಾರ್ನಾಡರ ‘ಹಯವದನ’ ನಾಟಕದಲ್ಲಿ ಒಂದು ಗಾಡಿಯ ಪ್ರಯಾಣ ಬರುತ್ತದೆ. ದೇವದತ್ತ, ಅವನ ಹೆಂಡತಿ ಪದ್ಮಿನಿ, ಅವನ ಜೀವದ ಗೆಳೆಯ ಕಪಿಲ, ಈ ಮೂವರು ಉಜ್ಜಯಿನಿಗೆ ಹೊರಟಿದ್ದಾರೆ. ಗಾಡಿ ಹೊಡೆಯುವವನು ಕಪಿಲ. ರಂಗದ ಮೇಲೆ ಗಾಡಿಯಿಲ್ಲ, ಎತ್ತುಗಳಿಲ್ಲ, ದಾರಿಯ ಎರಡು ಬದಿಯ ಕಾಡನ್ನು ತೋರಿಸುವ ಪರದೆಯೂ ಇಲ್ಲ. ಇರುವವರು ಮೂವರು ನಟರು ಮಾತ್ರ. ನಡುದಾರಿಯಲ್ಲಿ ಪದ್ಮಿನಿಯ ಮನಸ್ಸು ಒಂದು ಮರದ ಹೂವಿನ ಮೇಲೆ ಹೋಗುತ್ತದೆ. ಕಪಿಲ ಓಡಿಹೋಗಿ ಆ ಮರವನ್ನು ಹತ್ತುತ್ತಾನೆ. ಆ ಮರವೂ ಅಲ್ಲಿಲ್ಲ. ಆದರೂ ಮರ ಹತ್ತುವ ಆ ಕಮ್ಮಾರನ ಮಗನ ಮೈಕಟ್ಟನ್ನು ಪದ್ಮಿನಿ ಬೆರಗಿನಿಂದ ನೋಡುತ್ತಾಳೆ. ಅವಳ ಬೆರಗನ್ನು ದೇವದತ್ತ ಗಮನಿಸುತ್ತಾನೆ. ನಾಟಕದ ಗಂಟು ಬಿಗಿಯುವುದು ಅಲ್ಲಿಯೇ. ಮರವು ಪ್ರೇಕ್ಷಕರ ಕಣ್ಣಿಗೆ ಕಾಣದೆ ಹೋದರೆ, ಮುಂದೆ ಕಾಳಿಯ ಗುಡಿಯಲ್ಲಿ ಎರಡು ತಲೆಗಳು ಉರುಳುವುದಕ್ಕೆ ಕಾರಣವೇ ಇಲ್ಲವಾಗುತ್ತದೆ.

ಇಲ್ಲದ ಮರವನ್ನು ಕಾಣಿಸುವುದು ಹೇಗೆ? ಕಳೆದ ಐವತ್ತು ಅರುವತ್ತು ವರ್ಷಗಳಿಂದ ಬೆಂಗಳೂರಿನ ಹವ್ಯಾಸಿ ನಾಟಕ ತಂಡಗಳು ತಮ್ಮ ತಾಲೀಮಿನ ಕೋಣೆಗಳಲ್ಲಿ ಕೇಳಿಕೊಳ್ಳುತ್ತ ಬಂದಿರುವ ಪ್ರಶ್ನೆ ಇದು.

ನಾಟ್ಯಶಾಸ್ತ್ರವು ಅಭಿನಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಮೈಯಿಂದ ಮಾಡುವುದು ಆಂಗಿಕ, ಮಾತಿನಿಂದ ಮಾಡುವುದು ವಾಚಿಕ, ವೇಷಭೂಷಣ ಅಲಂಕಾರಗಳಿಂದ ಆಗುವುದು ಆಹಾರ್ಯ, ಅಂತರಂಗದ ಭಾವವೇ ಮೈಮೇಲೆ ಮೂಡಿದರೆ ಅದು ಸಾತ್ತ್ವಿಕ. ಯಾವ ನಾಟಕವೂ ಈ ನಾಲ್ಕರಲ್ಲಿ ಒಂದನ್ನು ಪೂರ್ತಿಯಾಗಿ ಬಿಟ್ಟು ನಡೆಯಲಾರದು. ಆದರೆ ಒಂದೊಂದು ಕಾಲದಲ್ಲಿ ಒಂದೊಂದು ಮೇಲುಗೈ ಪಡೆಯುತ್ತದೆ. ೧೮೮೪ರಲ್ಲಿ ಹುಟ್ಟಿ ಕನ್ನಡ ನಾಡನ್ನೆಲ್ಲ ಸುತ್ತಿದ ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳಲ್ಲಿ ಆಹಾರ್ಯದ ವೈಭವವನ್ನು ಕಣ್ಣುತುಂಬ ಕಾಣಬಹುದಾಗಿದ್ದಿತು. ಬೀದಿಗೊಂದು ಪರದೆ, ಅರಮನೆಗೊಂದು ಪರದೆ, ಕಾಡಿಗೊಂದು ಪರದೆ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಜನ ಮುಗಿಬಿದ್ದು ನೋಡಿದರು. ಇನ್ನೊಂದು ಕಡೆ, ೧೯೦೯ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ನಿನಂಥ ಹವ್ಯಾಸಿ ಸಂಘಗಳೂ, ಆಮೇಲೆ ಬಂದ ಟಿ. ಪಿ. ಕೈಲಾಸಂ ಅವರ ನಾಟಕಗಳೂ ವಾಚಿಕಕ್ಕೆ ಹೊಸ ಜೀವ ಕೊಟ್ಟವು. ಮನೆಯ ನಡುಮನೆಯೇ ರಂಗವಾಯಿತು. ಬೆಂಗಳೂರಿನ ಆಡುಮಾತು, ಅದರೊಳಗೆ ಬೆರೆತ ಇಂಗ್ಲಿಷು ಸಮೇತ, ರಂಗದ ಮಾತಾಯಿತು. ಎರಡೂ ದೊಡ್ಡ ಸಾಧನೆಗಳೇ. ಆದರೆ ಎರಡರಲ್ಲಿಯೂ ನಟನ ಮೈಗೆ ಸಿಕ್ಕಿದ ಕೆಲಸ ಕಡಿಮೆ. ಪರದೆಯ ಮುಂದೆ ನಿಂತು ಹಾಡುವುದು, ಕುರ್ಚಿಯ ಮೇಲೆ ಕುಳಿತು ಮಾತಾಡುವುದು, ಇಷ್ಟರಲ್ಲಿ ಅದು ತೃಪ್ತಿಪಟ್ಟುಕೊಳ್ಳಬೇಕಾಗಿತ್ತು.

ಹಾಗೆಂದು ಮೈಯ ವಿದ್ಯೆ ಕನ್ನಡಿಗರಿಗೆ ಹೊಸದೇನೂ ಅಲ್ಲ. ಯಕ್ಷಗಾನದ ವೇಷಧಾರಿ ರಂಗಸ್ಥಳವನ್ನು ಒಂದು ಸುತ್ತು ಬಂದರೆ ಅಯೋಧ್ಯೆಯಿಂದ ಕಾಡಿಗೆ ಹೋದಂತಾಯಿತು. ರಥವೇರುವುದೂ, ಯುದ್ಧಕ್ಕೆ ಹೊರಡುವುದೂ, ಹೊಳೆ ದಾಟುವುದೂ ಹೆಜ್ಜೆಯಲ್ಲಿಯೇ ತಿಳಿಯುತ್ತವೆ. ಒಡ್ಡೋಲಗದಲ್ಲಿ ಪಾತ್ರವು ಒಂದು ಮಾತನ್ನೂ ಆಡುವ ಮೊದಲೇ ಅದು ವೀರನದೋ ರಕ್ಕಸನದೋ ಎಂಬುದು ಚಂಡೆಯ ಪೆಟ್ಟಿಗೆ ಹೆಜ್ಜೆ ಕೂಡಿಸುವ ರೀತಿಯಿಂದಲೇ ಗೊತ್ತಾಗುತ್ತದೆ. ಮೂಡಲಪಾಯ, ದೊಡ್ಡಾಟ, ಸಣ್ಣಾಟಗಳೂ ತಮ್ಮತಮ್ಮ ರೀತಿಯಲ್ಲಿ ಈ ವಿದ್ಯೆಯನ್ನು ಕಾಪಾಡಿಕೊಂಡು ಬಂದಿವೆ. ಆದರೆ ಪಟ್ಟಣದ ವಿದ್ಯಾವಂತರ ರಂಗಭೂಮಿ ಮತ್ತು ಹಳ್ಳಿಯ ಬಯಲಾಟ ಬಹುಕಾಲ ಒಂದರ ಮುಖವನ್ನೊಂದು ನೋಡದೆಯೇ ಉಳಿದವು.

ಇವೆರಡರ ನಡುವೆ ಸೇತುವೆ ಕಟ್ಟಿದವರಲ್ಲಿ ಬಿ. ವಿ. ಕಾರಂತರ ಹೆಸರು ಮೊದಲಿಗೆ ಬರಬೇಕು. ೧೯೨೯ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿಯನ್ನು ಸೇರಿದರು. ವೀರಣ್ಣನವರು ಹುಡುಗನ ಪ್ರತಿಭೆಯನ್ನು ಗುರುತಿಸಿ ಓದಲು ಕಾಶಿಗೆ ಕಳುಹಿಸಿದರು. ಅಲ್ಲಿ ಹಿಂದಿ ಎಂ. ಎ. ಓದು, ಜೊತೆಗೆ ಓಂಕಾರನಾಥ ಠಾಕೂರರಲ್ಲಿ ಸಂಗೀತ. ಬಳಿಕ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ೧೯೬೨ರಲ್ಲಿ ಆ ಶಾಲೆಯಿಂದ ಹೊರಬಂದಾಗ ಕಂಪನಿ ನಾಟಕದ ಹಾಡು, ಕರಾವಳಿಯ ಯಕ್ಷಗಾನದ ಕುಣಿತ, ಆಧುನಿಕ ರಂಗಶಾಸ್ತ್ರ ಈ ಮೂರೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿಕೊಂಡಿದ್ದವು.

೧೯೭೨ರಲ್ಲಿ ಕಾರಂತರು ಬೆಂಗಳೂರಿನಲ್ಲಿ ಮೂರು ನಾಟಕಗಳನ್ನು ನಿರ್ದೇಶಿಸಿದರು: ಪಿ. ಲಂಕೇಶರು ಕನ್ನಡಕ್ಕೆ ತಂದ ‘ಈಡಿಪಸ್’, ಅವರದೇ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಚಾಮರಾಜಪೇಟೆಯಿಂದ ಸ್ವಲ್ಪವೇ ದೂರದಲ್ಲಿ, ಪುಟ್ಟಣ್ಣಶೆಟ್ಟಿ ಪುರಭವನದ ಸಮೀಪದಲ್ಲಿ, ರವೀಂದ್ರ ಕಲಾಕ್ಷೇತ್ರವಿದೆ. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗಾಗಿ ಕಟ್ಟಿ ೧೯೬೩ರಲ್ಲಿ ತೆರೆದ ಮಂದಿರ ಅದು. ಒಳಗೆ ವಿಶಾಲವಾದ ವೇದಿಕೆಯಿತ್ತು, ಪರದೆಯಿತ್ತು, ದೀಪಗಳಿದ್ದವು. ಕಾರಂತರು ಅದನ್ನು ಬಿಟ್ಟು ಕಟ್ಟಡದ ಹಿಂಬದಿಯ ಬಯಲನ್ನು ಆರಿಸಿಕೊಂಡರು. ಆ ಜಾಗವೇ ಈಗ ನಾಟಕಕಾರ ಸಂಸರ ಹೆಸರನ್ನು ಹೊತ್ತ ಬಯಲು ರಂಗಮಂದಿರ. ತೆರೆದ ಬಯಲಿನಲ್ಲಿ ನಟನಿಗೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಪರದೆ ಎಳೆದು ಊರನ್ನು ಕಾಡಾಗಿ ಮಾಡುವಂತಿಲ್ಲ. ಊರನ್ನೂ ಕಾಡನ್ನೂ ತನ್ನ ಮೈಮೇಲೆ ಹೊತ್ತುಕೊಂಡೇ ಅವನು ಒಳಗೆ ಬರಬೇಕು. ಉತ್ತರ ಕರ್ನಾಟಕದ ಬಯಲಾಟದ ಧಾಟಿಯಲ್ಲಿ ಬರೆದ ‘ಜೋಕುಮಾರಸ್ವಾಮಿ’ಗಂತೂ ಅದಕ್ಕಿಂತ ತಕ್ಕ ಸ್ಥಳ ಬೇರೆ ಇರಲಾರದು.

ಎರಡು ವರ್ಷಗಳ ಬಳಿಕ, ೧೯೭೪ರಲ್ಲಿ, ‘ಬೆನಕ’ ಹುಟ್ಟಿತು. ಬೆಂಗಳೂರು ನಗರ ಕಲಾವಿದರು ಎಂಬುದರ ಮೊದಲ ಅಕ್ಷರಗಳನ್ನು ಕೂಡಿಸಿದ ಹೆಸರು ಅದು. ವಿಘ್ನೇಶ್ವರನ ಹೆಸರೂ ಆಯಿತು. ಇಂಥ ತಂಡಗಳಲ್ಲಿ ಕೂಡಿದವರು ನಾಟಕದಿಂದ ಹೊಟ್ಟೆ ಹೊರೆಯುವವರಲ್ಲ. ಹಗಲು ಕಚೇರಿ, ಬ್ಯಾಂಕು, ಕಾಲೇಜು, ಸಂಜೆ ತಾಲೀಮು. ತಾಲೀಮಿಗೆ ಶಾಲೆಯ ಹಜಾರವೋ ಯಾರದೋ ಮನೆಯ ತಾರಸಿಯೋ ಸಿಕ್ಕಿದರೆ ಸಾಕು.

ಅಂಥ ತಾಲೀಮಿನಲ್ಲಿ ನಡೆಯುವುದೇನು? ನಾಟಕ ಮಾಡುವುದೆಂದರೆ ಮಾತು ಬಾಯಿಪಾಠ ಮಾಡುವುದು ಎಂದು ತಿಳಿದವರಿಗೆ ಮೊದಲ ವಾರ ನಿರಾಸೆಯೇ ಆದೀತು. ಪುಸ್ತಕವನ್ನು ಬಿಚ್ಚುವುದೇ ಇಲ್ಲ. ಎಲ್ಲರೂ ಬರಿಗಾಲಿನಲ್ಲಿ ಹಜಾರದ ತುಂಬ ನಡೆಯಬೇಕು. ಯಾರೂ ಯಾರನ್ನೂ ತಾಗಬಾರದು. ಎಲ್ಲಿಯೂ ಜಾಗ ಬರಿದಾಗಿ ಉಳಿಯಬಾರದು. ನಿರ್ದೇಶಕನು ಚಪ್ಪಾಳೆ ತಟ್ಟಿದೊಡನೆ ಎಲ್ಲರೂ ನಿಲ್ಲಬೇಕು. ಕೆಲವು ದಿನ ಕಳೆದ ಮೇಲೆ ಚಪ್ಪಾಳೆಯೂ ಇಲ್ಲ. ಒಬ್ಬರು ನಿಂತುದನ್ನು ಮೈಯಿಂದಲೇ ಅರಿತು ಉಳಿದವರು ನಿಲ್ಲಬೇಕು. ಇಬ್ಬಿಬ್ಬರು ಎದುರುಬದುರಾಗಿ ನಿಂತು ಒಬ್ಬರು ಮಾಡಿದುದನ್ನು ಇನ್ನೊಬ್ಬರು ಕನ್ನಡಿಯಂತೆ ಮಾಡುವ ಅಭ್ಯಾಸವೂ ಉಂಟು. ನೋಡುವವರಿಗೆ ಇದು ಮಕ್ಕಳ ಆಟದಂತೆ ತೋರುತ್ತದೆ. ಆದರೆ ಹತ್ತು ಮೈಗಳು ಒಂದೇ ಮೈಯಾಗಿ ಕೆಲಸ ಮಾಡಲು ಕಲಿಯುವುದು ಹೀಗೆಯೇ.

ಆಮೇಲೆ ತೂಕದ ಪಾಠ. ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರಿಗೆಲ್ಲ ಗೊತ್ತು: ಬಸ್ಸು ಹೊರಟಾಗ ಮೈ ಹಿಂದಕ್ಕೆ ವಾಲುತ್ತದೆ, ನಿಂತಾಗ ಮುಂದಕ್ಕೆ. ಇಲ್ಲದ ಗಾಡಿಯಲ್ಲಿ ಕುಳಿತ ಮೂವರು ನಟರು ಈ ವಾಲುವಿಕೆಯನ್ನು ತಾವೇ ಉಂಟುಮಾಡಿಕೊಳ್ಳಬೇಕು, ಮೂವರೂ ಒಂದೇ ಕ್ಷಣದಲ್ಲಿ. ಚಕ್ರ ಕಲ್ಲಿನ ಮೇಲೆ ಹತ್ತಿದರೆ ಮುಂದೆ ಕುಳಿತ ಕಪಿಲ ಮೊದಲು ಎದ್ದು ಬೀಳಬೇಕು, ಹಿಂದೆ ಕುಳಿತವರು ಅರೆಗಳಿಗೆ ತಡೆದು. ಒಬ್ಬನು ತಪ್ಪಿದರೆ ಗಾಡಿ ಮುರಿದುಬಿದ್ದಂತೆಯೇ. ಪ್ರೇಕ್ಷಕರಿಗೆ ಕಾಣುವುದು ನೆಲದ ಮೇಲೆ ಕುಳಿತು ತೂಗಾಡುವ ಮೂವರು ಮಾತ್ರ. ಮರವನ್ನು ಹತ್ತುವವನಿಗೂ ಇದೇ ನಿಯಮ. ಕೈಯನ್ನು ಮೇಲಕ್ಕೆ ಎತ್ತಿದರೆ ಮರವಾಗುವುದಿಲ್ಲ. ಹಿಡಿದ ಕೊಂಬೆ ಮೈಯ ಭಾರಕ್ಕೆ ಬಾಗಬೇಕು, ತೋಳಿನ ನರ ಬಿಗಿಯಬೇಕು, ಒಂದು ಕೈಯ ಬಿಗಿ ಬಿಡುವ ಮೊದಲು ಇನ್ನೊಂದು ಹಿಡಿದಿರಬೇಕು. ಕೆಳಗೆ ನಿಂತ ಪದ್ಮಿನಿಯ ಕಣ್ಣು ಅವನು ಏರಿದಷ್ಟೇ ಏರಬೇಕು. ಮರದ ಅರ್ಧಭಾಗ ಕಪಿಲನ ತೋಳಿನಲ್ಲಿದೆ. ಉಳಿದರ್ಧ ಪದ್ಮಿನಿಯ ಕಣ್ಣಿನಲ್ಲಿದೆ.

ಮೂರನೆಯ ಘಟ್ಟಕ್ಕೆ ರಂಗಕರ್ಮಿಗಳು ಆಶುವಿಸ್ತಾರ ಎಂಬ ಹೆಸರಿಟ್ಟಿದ್ದಾರೆ. ಬರೆದ ಮಾತಿಲ್ಲದೆ, ಕೊಟ್ಟ ಸನ್ನಿವೇಶವೊಂದನ್ನು ನಟರೇ ಆಗಿಂದಾಗ ಆಡಿ ಬೆಳೆಸುವುದು ಆಶುವಿಸ್ತಾರ. ತುಂಬಿದ ಹೊಳೆಯನ್ನು ಒಂದು ಸಂಸಾರ ದಾಟಬೇಕು ಎಂಬುದು ಸನ್ನಿವೇಶವೆಂದಿಟ್ಟುಕೊಳ್ಳಿ. ಒಂದು ಗುಂಪು ಉದ್ದನೆಯ ಬಟ್ಟೆಯನ್ನು ಅಲುಗಿಸಿ ಹೊಳೆ ಮಾಡುತ್ತದೆ. ಇನ್ನೊಂದು ಗುಂಪು ಬಟ್ಟೆಯನ್ನೂ ಬಿಟ್ಟು, ತಾವೇ ಸಾಲಾಗಿ ಮಲಗಿ ಉರುಳುತ್ತ ನೀರಾಗುತ್ತಾರೆ. ಮೂರನೆಯವರು ನೀರನ್ನು ತೋರಿಸುವುದೇ ಇಲ್ಲ; ತಲೆಯ ಮೇಲೆ ಮಗುವನ್ನು ಎತ್ತಿ ಹಿಡಿದ ತಂದೆಯ ಕುತ್ತಿಗೆ ಬರಬರುತ್ತ ಮೇಲಕ್ಕೆ ಚಾಚುವುದನ್ನು ಮಾತ್ರ ತೋರಿಸುತ್ತಾರೆ. ನಿರ್ದೇಶಕನು ಎಲ್ಲವನ್ನೂ ನೋಡಿ ಒಂದನ್ನು ಉಳಿಸಿಕೊಳ್ಳುತ್ತಾನೆ. ಕಷ್ಟವಿರುವುದು ಇಲ್ಲಿಯೇ. ಕೈಬಿಟ್ಟ ಒಂಬತ್ತು ಬಗೆಗಳನ್ನು ಕಟ್ಟಿದವರೂ ಬೆವರು ಸುರಿಸಿದವರೇ. ತನ್ನದು ಉಳಿಯಲಿಲ್ಲವೆಂದು ಮುಖ ಊದಿಸಿಕೊಳ್ಳುವ ನಟನಿಂದ ಇಂಥ ತಂಡ ನಡೆಯುವುದಿಲ್ಲ. ತನಗೆ ಮೊದಲೇ ಹೊಳೆದುದನ್ನೇ ಉಳಿಸಿಕೊಳ್ಳುವ ನಿರ್ದೇಶಕನಿಂದಲೂ ನಡೆಯುವುದಿಲ್ಲ. ಉಳಿದುದನ್ನು ದಿನದಿನವೂ ಮಾಡಿ ಮಾಡಿ, ಹೆಜ್ಜೆಯ ಲೆಕ್ಕ ಸಹ ತಪ್ಪದಂತೆ ನಿಲ್ಲಿಸುತ್ತಾರೆ. ಆಶುವಾಗಿ ಹುಟ್ಟಿದುದು ಹೀಗೆ ಕಟ್ಟಳೆಗೆ ಒಳಪಡುತ್ತದೆ. ಹಾಡು, ಸದ್ದು, ಮೌನಗಳೂ ಈ ತಾಲೀಮಿನಲ್ಲಿಯೇ ಹುಟ್ಟಬೇಕು. ಕಾರಂತರ ಕೈಯಲ್ಲಿ ನಿತ್ಯ ಬಳಕೆಯ ಸಾಮಾನು ಸಹ ವಾದ್ಯವಾಗುತ್ತಿತ್ತು.

ಕಾರಂತರು ಬೆನಕಕ್ಕಾಗಿ ಮಾಡಿದ ‘ಸತ್ತವರ ನೆರಳು’ ಹೀಗೆ ತಾಲೀಮಿನಲ್ಲಿ ಬೆಳೆದ ನಾಟಕಕ್ಕೆ ಒಳ್ಳೆಯ ನಿದರ್ಶನ. ಜಡಭರತರೆಂಬ ಹೆಸರಿನಿಂದ ಬರೆದ ಜಿ. ಬಿ. ಜೋಶಿಯವರ ಈ ನಾಟಕವು ಮಠವೊಂದರ ಕಥೆ. ಕಾರಂತರು ಅದರೊಳಕ್ಕೆ ಪುರಂದರದಾಸರ ಪದಗಳನ್ನೂ ಅವನ್ನು ಹಾಡುವ ದಾಸರ ಮೇಳವನ್ನೂ ತಂದು ಸೇರಿಸಿದರು. ಅದರಿಂದ ನಾಟಕದ ಬಣ್ಣವೇ ಬೇರೆಯಾಯಿತು. ಬರೆದವರ ನಾಟಕ ಎಲ್ಲಿ ಮುಗಿಯಿತು, ಆಡಿದವರ ನಾಟಕ ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

‘ಹಯವದನ’ವು ನಟನ ಮೈಗೆ ಒಡ್ಡುವ ಪರೀಕ್ಷೆ ಇನ್ನೂ ಕಠಿಣವಾದುದು. ಕಾಳಿಯ ಗುಡಿಯಲ್ಲಿ ಪದ್ಮಿನಿ ಆತುರದಿಂದ ತಲೆಗಳನ್ನು ಅದಲುಬದಲು ಮಾಡಿ ಜೋಡಿಸಿಬಿಡುತ್ತಾಳೆ. ಕವಿಯಾದ ದೇವದತ್ತನ ತಲೆಗೆ ಕಪಿಲನ ಕಸುವಿನ ಮೈ. ಕಪಿಲನ ತಲೆಗೆ ದೇವದತ್ತನ ಮೃದುವಾದ ಮೈ. ರಂಗದ ಮೇಲೆ ನಟರು ಅವರೇ, ಮುಖಗಳು ಅವೇ. ಹಾಗಿದ್ದೂ ಮೈಗಳು ಬದಲಾಗಿವೆ ಎಂಬುದು ಪ್ರೇಕ್ಷಕರಿಗೆ ಮನದಟ್ಟಾಗಬೇಕು. ಅದಕ್ಕಾಗಿ ಇಬ್ಬರೂ ನಟರು ತಾಲೀಮಿನ ದಿನಗಳಲ್ಲಿ ಒಬ್ಬರ ನಡಿಗೆಯನ್ನೊಬ್ಬರು ಕದಿಯಬೇಕು: ಭುಜ ಎಷ್ಟು ಬಾಗಿದೆ, ಹೆಜ್ಜೆಯ ಭಾರ ಹಿಮ್ಮಡಿಯ ಮೇಲೋ ಬೆರಳಿನ ಮೇಲೋ, ಕೈ ಸುಮ್ಮನಿರುವಾಗ ಎಲ್ಲಿರುತ್ತದೆ. ಕಥೆ ಅಲ್ಲಿಗೂ ನಿಲ್ಲುವುದಿಲ್ಲ. ದಿನ ಕಳೆದಂತೆ ದೇವದತ್ತನ ಹೊಸ ಮೈ ಮೆತ್ತಗಾಗುತ್ತದೆ. ಕಾಡು ಸೇರಿದ ಕಪಿಲನ ಮೈ ದುಡಿಮೆಯಿಂದ ಗಟ್ಟಿಯಾಗುತ್ತದೆ. ಕದ್ದ ನಡಿಗೆಯನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ಕೊಡಬೇಕು. ಕೊನೆಯಲ್ಲಿ ಇಬ್ಬರು ಗೆಳೆಯರು ಕತ್ತಿ ಹಿಡಿದು ಹೋರಾಡಿ ಸಾಯುವುದೂ ಕುಣಿತದಂತೆಯೇ ನಡೆಯುತ್ತದೆ. ಮಾತಿನಲ್ಲಿ ಬಿಡಿಸಲಾರದ ಒಗಟನ್ನು ನಾಟಕವು ಮೈಗಳಿಗೆ ಒಪ್ಪಿಸಿದೆ.

ಇದೇ ಕಾಲದಲ್ಲಿ ಹೊರಗಿನ ಲೋಕದಲ್ಲಿಯೂ ಇಂಥ ಹುಡುಕಾಟ ನಡೆದಿತ್ತು. ವ್ಯಾಯಾಮದ ಉಪಾಧ್ಯಾಯನಾಗಿದ್ದ ಝಾಕ್ ಲಕೋಕ್ ಎಂಬಾತನು ೧೯೫೬ರಲ್ಲಿ ಪ್ಯಾರಿಸ್ಸಿನಲ್ಲಿ ನಾಟಕ ಶಾಲೆಯೊಂದನ್ನು ತೆರೆದನು. ಅಲ್ಲಿಯ ವಿದ್ಯಾರ್ಥಿಗಳು ಗುಂಪುಗೂಡಿ ತಾವೇ ಚಿಕ್ಕ ಪ್ರಯೋಗವೊಂದನ್ನು ಕಟ್ಟಿ ತೋರಿಸಬೇಕಾಗಿತ್ತು. ಮೇಷ್ಟರು ನೋಡಿ ಅಭಿಪ್ರಾಯ ಹೇಳುವರು, ಅಷ್ಟೆ. ಪೋಲೆಂಡಿನ ಗ್ರೊಟೊವ್ಸ್ಕಿ ಪರದೆ, ಅಲಂಕಾರ, ಬಣ್ಣಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕಿ, ನಟ ಮತ್ತು ಪ್ರೇಕ್ಷಕ ಇಬ್ಬರು ಮಾತ್ರ ಉಳಿದರೂ ನಾಟಕ ಉಳಿಯುತ್ತದೆಂದು ತೋರಿಸಿದನು. ತನ್ನದನ್ನು ಅವನು ಬಡ ರಂಗಭೂಮಿ ಎಂದೇ ಕರೆದನು. ಆ ಪ್ರಯೋಗಗಳಿಂದ ಪ್ರೇರಣೆ ಪಡೆದ ಕಲ್ಕತ್ತೆಯ ಬಾದಲ್ ಸರ್ಕಾರರು ವೃತ್ತಿಯಿಂದ ನಗರಯೋಜನೆಯ ಎಂಜಿನಿಯರು. ವೇದಿಕೆಯನ್ನು ತೊರೆದು ಕೋಣೆಗಳಲ್ಲಿ, ಮೈದಾನಗಳಲ್ಲಿ ಜನರ ನಡುವೆಯೇ ಆಡುವ ‘ಮೂರನೆಯ ರಂಗಭೂಮಿ’ಯನ್ನು ಅವರು ಕಟ್ಟಿದರು.

ಬೆಂಗಳೂರಿನಲ್ಲಿ ೧೯೭೫ರಲ್ಲಿ ಹುಟ್ಟಿದ ‘ಸಮುದಾಯ’ವು ನಾಟಕವನ್ನು ಬೀದಿಗೆ ಒಯ್ದಿತು. ೧೯೭೭ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ ೧೧ ಮಂದಿಯನ್ನು ಕೊಂದು ಸುಟ್ಟರು. ಅವರಲ್ಲಿ ೮ ಮಂದಿ ದಲಿತರು. ಆ ದಶಕ ಮುಗಿಯುವುದರೊಳಗೇ ಸಿ. ಜಿ. ಕೃಷ್ಣಸ್ವಾಮಿಯವರ ನಿರ್ದೇಶನದ ‘ಬೆಲ್ಚಿ’ ಬೀದಿನಾಟಕವನ್ನು ಕರ್ನಾಟಕದ ಊರೂರುಗಳಲ್ಲಿ ಜನ ನೋಡಿದರು. ಬೀದಿನಾಟಕಕ್ಕೆ ಟಿಕೆಟ್ಟಿಲ್ಲ, ಬಾಡಿಗೆ ಮಂದಿರವಿಲ್ಲ. ಸುತ್ತಲೂ ನಿಂತ ಜನರೇ ಗೋಡೆ. ದಾರಿಹೋಕನನ್ನು ನಿಲ್ಲಿಸಿ, ಸಂತೆಯ ಗದ್ದಲವನ್ನು ಮೀರಿ, ಯಾವ ದಿಕ್ಕಿನಿಂದ ನೋಡುವವನಿಗೂ ಬೆನ್ನಾಗದಂತೆ ಆಡಬೇಕು. ಹಣವಿಲ್ಲದವರೂ ನಾಟಕ ಆಡಬಹುದು, ಹಣವಿಲ್ಲದವರೂ ನಾಟಕ ನೋಡಬಹುದು ಎಂಬುದು ಇಲ್ಲಿ ಬರಿಯ ಮಾತಾಗಿ ಉಳಿಯಲಿಲ್ಲ. ಮಂದಿರದ ಮೆಟ್ಟಿಲನ್ನು ಎಂದೂ ಹತ್ತದವರ ಮುಂದೆ, ಅವರಂಥವರಿಗೇ ಆದ ಅನ್ಯಾಯದ ಕಥೆ ನಡೆಯಿತು.

ಈ ದಾರಿಯಲ್ಲಿ ಎಡವಿದವರೂ ಇಲ್ಲದಿಲ್ಲ. ಮೈಯ ಚಳಕವನ್ನು ಕಲಿತ ಮೇಲೆ ಅದನ್ನು ಎಲ್ಲೆಂದರಲ್ಲಿ ತೋರಿಸುವ ಆಸೆ ಸಹಜ. ಕಥೆಗೆ ಬೇಕಿರಲಿ ಬೇಡದಿರಲಿ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಗೋಪುರ ಕಟ್ಟುವ ತಂಡಗಳುಂಟು. ಅದಕ್ಕೆ ಸರ್ಕಸ್ಸಿಗೆ ಹೋಗುವುದೇ ಲೇಸು. ಇನ್ನು ಕೆಲವರು ಮೈಯನ್ನು ಪಳಗಿಸುವ ಭರದಲ್ಲಿ ನಾಲಗೆಯನ್ನು ಮರೆಯುತ್ತಾರೆ. ಅಲ್ಪಪ್ರಾಣ ಮಹಾಪ್ರಾಣಗಳ ಗೊಡವೆಯಿಲ್ಲದೆ ಕಿರಿಚಿದರೆ ಕುಣಿತ ಎಷ್ಟು ಚೆನ್ನಾಗಿದ್ದರೂ ಮಾತಿನ ದಾರಿದ್ರ್ಯ ಮುಚ್ಚುವುದಿಲ್ಲ. ನಾಲಗೆಯೂ ಮೈಯ ಭಾಗವೇ ಎಂಬುದನ್ನು ಯಕ್ಷಗಾನದ ಅರ್ಥಧಾರಿಗಳಿಂದ ಕಲಿಯಬಹುದು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಬರೆದ ನಾಟಕ ಪುಸ್ತಕವಾಗಿ ಕಪಾಟಿನಲ್ಲಿ ಉಳಿಯುತ್ತದೆ. ತಾಲೀಮಿನಲ್ಲಿ ಹುಟ್ಟಿದ ಗಾಡಿ, ಮರ, ಹೊಳೆಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಆಡಿದವರು ಚದುರಿದರೆ ಅವೂ ಚದುರಿದವು. ಚಿತ್ರೀಕರಿಸಿ ಇಡಬಹುದೆನ್ನುವರು, ಚಿತ್ರದಲ್ಲಿ ಹೆಜ್ಜೆ ಕಾಣುತ್ತದೆ, ಹೆಜ್ಜೆಯ ಹಿಂದಿನ ತೂಕ ಕಾಣುವುದಿಲ್ಲ. ಆದುದರಿಂದಲೇ ಕಲಿಸುವ ಮನೆಗಳು ಬೇಕಾದವು. ೧೯೪೯ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ ೧೯೮೦ರಲ್ಲಿ ನಾಟಕ ಶಾಲೆಯನ್ನು ಆರಂಭಿಸಿತು. ೧೯೮೯ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಂಗಾಯಣಕ್ಕೆ ಕಾರಂತರೇ ಮೊದಲ ನಿರ್ದೇಶಕರಾದರು. ಹವ್ಯಾಸಿಗಳಿಗೆ ಸಂಜೆಯಷ್ಟೇ ದೊರೆಯುತ್ತಿದ್ದ ತಾಲೀಮು ಅಲ್ಲಿಯ ಕಲಾವಿದರಿಗೆ ಹಗಲಿನ ಕೆಲಸವೇ ಆಯಿತು.

೨೦೦೨ರ ಸೆಪ್ಟೆಂಬರ್ ಒಂದರಂದು ಕಾರಂತರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರು ನಿರ್ದೇಶಿಸಿದ ನಾಟಕಗಳನ್ನು ಬೆನಕವು ಆಮೇಲೆಯೂ ಆಡುತ್ತ ಬಂದಿತು. ಇಂಥ ತಂಡಗಳಲ್ಲಿ ಹಳಬರೊಬ್ಬರು ಬಿಟ್ಟ ಜಾಗಕ್ಕೆ ಹೊಸಬನೊಬ್ಬ ಬಂದಾಗ ಅವನ ಕೈಗೆ ಮಾತಿನ ಪ್ರತಿಯನ್ನು ಕೊಟ್ಟು ಮುಗಿಸುವಂತಿಲ್ಲ. ಪಕ್ಕದಲ್ಲಿ ನಿಂತು ಉಸಿರು ಎಲ್ಲಿ ಎಳೆದುಕೊಳ್ಳಬೇಕು, ಮೇಳ ತಿರುಗುವಾಗ ಯಾರ ಭುಜವನ್ನು ಗುರುತಾಗಿಟ್ಟುಕೊಳ್ಳಬೇಕು ಎಂಬುದನ್ನು ಹಳಬರು ತಮ್ಮ ಮೈಯಿಂದ ಅವನ ಮೈಗೆ ದಾಟಿಸಬೇಕು. ಹೊಸಬ ಮೊದಲಿನವನಿಗಿಂತ ಗೇಣುದ್ದ ಎತ್ತರವಾಗಿದ್ದರೆ ಅವನ ಹೆಜ್ಜೆಯೂ ಉದ್ದವಾಗುತ್ತದೆ. ಆಗ ಮೇಳದ ಉಳಿದವರೆಲ್ಲರೂ ತಮ್ಮ ಹೆಜ್ಜೆಯ ಅಳತೆಯನ್ನು ತಿದ್ದಿಕೊಂಡು ತಾಲೀಮನ್ನು ಮೊದಲಿನಿಂದ ಮಾಡುತ್ತಾರೆ.